ದೇವರ ಜತೆ ಚೌಕಾಸಿ ಏಕೆ?

ಮೂರನೇ ಸೆಮಿಸ್ಟರ್‌ನ ಗಣಿತ ಪರೀಕ್ಷೆಗೆ ಮುನ್ನ ನಾನು ದೇವರ ಜತೆ ಒಂದು ಒಪ್ಪಂದ ಮಾಡಿಕೊಂಡಿದ್ದೆ. ಈ ವಿಷಯ ಒಂದು ಪಾಸು ಮಾಡಿಸಿದರೆ ಆರು ಶುಕ್ರವಾರ ಉಪವಾಸ ಇರುತ್ತೇನೆ, ಕೆಲಸ ಸಿಕ್ಕ ಮೇಲೆ ಮೊದಲ ಸಂಬಳವನ್ನು ಪೂರ್ತಿ ಚರ್ಚಿಗೆ ಕೊಡುತ್ತೇನೆ ಎಂದು. ಫಲಿತಾಂಶ ಬಂದದ್ದು ರಾತ್ರಿ ಹನ್ನೊಂದು ಗಂಟೆಗೆ. ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಮೊಬೈಲ್‌ನಲ್ಲಿ ನೋಡಿದೆ. ಗಣಿತದಲ್ಲಿ ಫೇಲ್. ಆಗ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಮಾತು ಉಳಿಸಿಕೊಳ್ಳಲು ನಾನು ಸಿದ್ಧನಿದ್ದೆ, ದೇವರೇ ಕೈಕೊಟ್ಟ ಅನ್ನಿಸಿತು. ಮೂರು ಭಾನುವಾರ ಚರ್ಚಿನ ಕಡೆ ತಲೆ ಹಾಕಲಿಲ್ಲ.

ರಜೆಗೆ ಊರಿಗೆ ಹೋದೆ. ಸಿಂದಗಿ ಸೀಮೆಯಲ್ಲಿ ಭೀಮಾ ನದಿಗೆ ಹತ್ತಿರದ ಹಳ್ಳಿ ನಮ್ಮದು. ಭಾನುವಾರ ಬೆಳಿಗ್ಗೆ ಮುಸುಕು ಹೊದ್ದು ಮಲಗಿದ್ದವನನ್ನು ಮುತ್ಯಾ ಎಬ್ಬಿಸಿದ. “ಯಾಕಪಾ, ಚರ್ಚಿಗೆ ಬರೂದಿಲ್ಲೇನು?” ಎಂದ. ನಡೆದದ್ದನ್ನೆಲ್ಲ ಹೇಳಿದೆ. ಮುತ್ಯಾ ನಕ್ಕುಬಿಟ್ಟ. “ದೇವರಿಗೆ ಲಂಚ ಕೊಡಾಕ ಹೋಗಿದ್ದಿ. ಅಂವ ತಗೊಳ್ಳಲಿಲ್ಲ. ಅದಕ್ಕ ಸಿಟ್ಟು ಬಂದೈತಿ ನಿನಗ.”

ಆ ಮಾತು ಚುಚ್ಚಿತು. ಯೋಚಿಸಿದರೆ, ನಾನೊಬ್ಬನೇ ಹೀಗಲ್ಲ. ಹಾಸ್ಟೆಲಿನ ನಮ್ಮ ಕೋಣೆಯಲ್ಲಿ ನಾಲ್ವರಿದ್ದೇವೆ. ಒಬ್ಬ ಇಂಡಿಯ ಲಿಂಬೆ ಬೆಳೆಗಾರರ ಮಗ, ಒಬ್ಬ ಮುದ್ದೇಬಿಹಾಳದವನು, ಒಬ್ಬ ಬಸವನಬಾಗೇವಾಡಿಯವನು, ನಾನು. ಪ್ರಾರ್ಥಿಸುವ ರೀತಿ ಬೇರೆ ಬೇರೆಯಾದರೂ ಪರೀಕ್ಷೆ ಹತ್ತಿರ ಬಂದಾಗ ನಾಲ್ವರೂ ಹರಕೆ ಹೊರುವವರೇ. ಒಬ್ಬನದು ಕಾಯಿ, ಇನ್ನೊಬ್ಬನದು ಚಾದರ, ನನ್ನದು ಉಪವಾಸ. ಸರಕು ಬೇರೆ, ವ್ಯಾಪಾರ ಒಂದೇ.

ಆದರೆ ಸುವಾರ್ತೆಯಲ್ಲಿ ಈ ವ್ಯಾಪಾರಕ್ಕೆ ಜಾಗವಿಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಗೆತ್ಸೆಮನೆ ತೋಟದಲ್ಲಿ ಮೊಣಕಾಲೂರಿ, ಬರಲಿರುವ ನೋವು ತಪ್ಪಲಿ ಎಂದು ಬೇಡಿಕೊಂಡನು. ನೋವು ತಪ್ಪಲಿಲ್ಲ. ಆದರೂ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿ, ಎದ್ದು, ತನ್ನನ್ನು ಹಿಡಿಯಲು ಬರುತ್ತಿದ್ದವರ ಎದುರಿಗೇ ನಡೆದನು. ಬೇಡಿದ್ದು ಸಿಗದಿದ್ದರೂ ಮುರಿಯದ ನಂಬಿಕೆ ಅದು. ನನ್ನದು ಒಂದು ಬ್ಯಾಕ್‌ಲಾಗ್‌ಗೇ ಮುರಿದಿತ್ತು.

ಹಾಗಾದರೆ ನಂಬಿಕೆ ಎಂದರೆ ಕೈಕಟ್ಟಿ ಕೂರುವುದೇ? ನಮ್ಮ ಭಾಗದ ರೈತರನ್ನು ನೋಡಿದರೆ ಉತ್ತರ ಸಿಗುತ್ತದೆ. ಹಿಂಗಾರಿಯಲ್ಲಿ ಎರೆ ಹೊಲಕ್ಕೆ ಬಿಳಿಜೋಳ ಬಿತ್ತಿದ ಮೇಲೆ ಮಳೆ ಹೆಚ್ಚೇನೂ ಬರುವುದಿಲ್ಲ. ಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆ ಚಳಿಗಾಲ ಕಳೆಯಬೇಕು. ಮೋಡ ರೈತನ ಕೈಯಲ್ಲಿಲ್ಲ. ಹಾಗಂತ ಅವನು ಸುಮ್ಮನಿರುವುದಿಲ್ಲ. ಎಡೆ ಹೊಡೆದು ಕಳೆ ತೆಗೆಯುತ್ತಾನೆ, ನೆಲದ ಬಿರುಕು ಮುಚ್ಚಿ ತೇವ ಉಳಿಸುತ್ತಾನೆ. ತನ್ನ ಕೈಯಲ್ಲಿರುವುದನ್ನು ಮಾಡುತ್ತಾನೆ, ಇಲ್ಲದ್ದನ್ನು ದೇವರಿಗೆ ಬಿಡುತ್ತಾನೆ. ನಾನು ಇದನ್ನು ಉಲ್ಟಾ ಮಾಡಿದ್ದೆ. ಓದುವುದನ್ನು ದೇವರಿಗೆ ಬಿಟ್ಟು, ಫಲಿತಾಂಶದ ಚಿಂತೆಯನ್ನು ನಾನು ಹೊತ್ತಿದ್ದೆ.

ಮುತ್ಯಾನ ನಂಬಿಕೆ ಎಂಥದ್ದು ಎಂಬುದನ್ನು ನಾನು ಕಣ್ಣಾರೆ ಕಂಡದ್ದು 2020ರ ಅಕ್ಟೋಬರ್‌ನಲ್ಲಿ. ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ ಭಾಗದ ಹಳ್ಳಿಗಳಿಗೆ ನೀರು ನುಗ್ಗಿತ್ತು. ನಮ್ಮ ಮೂರು ಎಕರೆ ತೊಗರಿ ನೀರಿನಲ್ಲಿ ನಿಂತಿತ್ತು. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಮುತ್ಯಾ ಮಾತ್ರ ಬೆಳಿಗ್ಗೆ ಎದ್ದು, ಮನೆ ಬಿಟ್ಟು ಬಂದವರಿದ್ದ ಕಾಳಜಿ ಕೇಂದ್ರಕ್ಕೆ ಹೋದ. ಅವ್ವ ಮತ್ತು ಓಣಿಯ ಹೆಣ್ಣುಮಕ್ಕಳು ಬಡಿದುಕೊಟ್ಟ ರೊಟ್ಟಿ ಗಂಟು ಹೊತ್ತು ನಾನೂ ಹಿಂದೆ ಹೋದೆ. ನಾಲ್ಕು ದಿನ ಮುತ್ಯಾ ಅಲ್ಲಿ ದೊಡ್ಡ ದೊಡ್ಡ ಪಾತ್ರೆ ತಿಕ್ಕಿದ. ಊಟ ಬಡಿಸುವವರ ಫೋಟೊ ತೆಗೆಯಲು ಜನ ಬಂದರು. ಪಾತ್ರೆ ತಿಕ್ಕುವವನ ಹತ್ತಿರ ಯಾರೂ ಬರಲಿಲ್ಲ. “ನಮ್ಮ ತೊಗರಿ ಹೋತಲ್ಲ ಮುತ್ಯಾ” ಎಂದರೆ, “ತೊಗರಿ ದೇವರು ನೋಡ್ಕೋತಾನ. ಇವರಿಗೆ ಉಣಿಸೂದು ನಮ್ಮ ಕೆಲಸ” ಎಂದ. ಆ ವರ್ಷ ತೊಗರಿ ಉಳಿಯಲಿಲ್ಲ. ಮುತ್ಯಾನ ಮಾತು ಬದಲಾಗಲಿಲ್ಲ.

ನಂಬಿಕೆಗೂ ಸೇವೆಗೂ ಏನು ಸಂಬಂಧ ಎಂಬುದು ನನಗೆ ಈಗ ಅರ್ಥವಾಗುತ್ತಿದೆ. ತನ್ನ ನಾಳೆಯ ಚಿಂತೆಯಲ್ಲೇ ಮುಳುಗಿದವನಿಗೆ ಪಕ್ಕದವನ ಹಸಿವು ಕಾಣುವುದಿಲ್ಲ. ಆ ಚಿಂತೆಯನ್ನು ದೇವರ ಕೈಗೆ ಕೊಟ್ಟವನಿಗೆ ತನ್ನ ಎರಡು ಕೈ ಖಾಲಿ ಸಿಗುತ್ತವೆ. ಕೊನೆಯ ಊಟದ ರಾತ್ರಿ ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದು ಇಂಥ ಖಾಲಿ ಕೈಗಳಿಂದ. ಮರುದಿನ ತನಗೆ ಏನು ಕಾದಿದೆ ಎಂದು ಗೊತ್ತಿದ್ದೂ ತೊಳೆದನು. 2013ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಕೇಂದ್ರಕ್ಕೆ ಹೋಗಿ ಹನ್ನೆರಡು ಜನರ ಕಾಲು ತೊಳೆದರು. ಅವರಲ್ಲಿ ಮುಸ್ಲಿಮರೂ ಇದ್ದರು.

ಇದನ್ನೆಲ್ಲ ಕೋಣೆಯಲ್ಲಿ ಹೇಳಿದಾಗ ಬಾಗೇವಾಡಿಯ ಗೆಳೆಯ, “ಇದು ನಮ್ಮ ದಾಸೋಹನೇ ಅಲ್ಲೇನೋ?” ಎಂದ. ದಾಸೋಹ ಎಂದರೆ ಪ್ರಸಾದದ ಊಟ ಎಂದಷ್ಟೇ ನನಗೆ ತಿಳಿದಿತ್ತು. ‘ನಾನು ದಾಸ’ ಎಂಬುದು ಆ ಪದದ ಅರ್ಥ ಎಂದು ಅವನು ವಿವರಿಸಿದ. ಪೌಲನೂ ತನ್ನ ಪತ್ರಗಳಲ್ಲಿ ತನ್ನನ್ನು ಯೇಸುಕ್ರಿಸ್ತನ ದಾಸನೆಂದು ಕರೆದುಕೊಳ್ಳುತ್ತಾನೆ. ಬಸವಣ್ಣನವರು ಹುಟ್ಟಿದ ಈ ನೆಲದಲ್ಲಿ ದಾಸನಾಗುವುದು ಹೊರಗಿನಿಂದ ಬಂದ ಮಾತಲ್ಲ.

ಆದರೆ ‘ಸೇವಕ’ ಎಂಬ ಮಾತು ಎಲ್ಲರಿಗೂ ಸಿಹಿಯಲ್ಲ. ಮುತ್ಯಾನ ಅಪ್ಪ ಜೀತಕ್ಕಿದ್ದವರು. ಜೀತವನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ಅಂಥ ಮನೆಯ ಹುಡುಗನಿಗೆ ‘ಸೇವಕನಾಗಿರು’ ಎಂದರೆ ಹಳೆಯ ಗಾಯ ಕೆರೆದಂತಾಗುತ್ತದೆ. ಇದನ್ನೂ ಮುತ್ಯಾನಿಗೆ ಕೇಳಿದ್ದೆ. “ನಮ್ಮಪ್ಪ ಹೆದರಿ ಬಗ್ಗಿದ್ದ. ನಾ ಯಾರಿಗೂ ಹೆದರಿ ಬಗ್ಗಿಲ್ಲ” ಎಂದ. ವ್ಯತ್ಯಾಸ ಇರುವುದು ಇಲ್ಲೇ. ಬಲವಂತದಿಂದ ಮಾಡಿಸಿಕೊಂಡದ್ದು ಜೀತ, ಪ್ರೀತಿಯಿಂದ ತಾನಾಗಿ ಬಗ್ಗುವುದು ಸೇವೆ. ಒಬ್ಬರನ್ನು ತುಳಿಯುವವರಿಗೆ ‘ಸಹಿಸಿಕೋ’ ಎಂದು ಹೇಳಲು ಧರ್ಮ ನೆಪವಾಗಬಾರದು.

ಇನ್ನೊಂದು ಮಾತು ನಮ್ಮವರಿಗೇ. ಕ್ರೈಸ್ತರು ಸೇವೆ ಮಾಡಿದರೆ ಅದರ ಹಿಂದೆ ಏನೋ ಲೆಕ್ಕವಿದೆ ಎಂಬ ಅನುಮಾನ ಇದೆ. ವಾದ ಮಾಡಿ ಅದನ್ನು ಕಳೆಯಲು ಆಗುವುದಿಲ್ಲ. ಬದಲಿಗೆ ಏನನ್ನೂ ಬಯಸದೆ ಮಾಡಬೇಕು. ಷರತ್ತು ಹಾಕಿ ಮಾಡಿದ ಸೇವೆ ನನ್ನ ಆರು ಶುಕ್ರವಾರದ ಉಪವಾಸದ ಹಾಗೆ, ಅದೂ ಚೌಕಾಸಿಯೇ.

ನಮ್ಮ ಮೆಸ್ಸಿನಲ್ಲಿ ಅಡುಗೆ ಮಾಡುವ ಅಕ್ಕನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ದಿನಾ ಸಂಜೆ ಒಂದು ತಾಸು ಅವಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಗಣಿತದಲ್ಲಿ ಫೇಲಾದವನು ಗಣಿತ ಹೇಳಿಕೊಡುವುದಾ ಎಂದು ಗೆಳೆಯರು ನಗುತ್ತಾರೆ. ನನಗೂ ನಗು ಬರುತ್ತದೆ. ನಾನೂ ಈ ಸಲ ದಿನಾ ಓದಿ ಆ ವಿಷಯ ಮತ್ತೆ ಬರೆದಿದ್ದೇನೆ. ಫಲಿತಾಂಶ ಇನ್ನೂ ಬಂದಿಲ್ಲ. ಪಾಸಾಗಲಿ ಎಂದು ಪ್ರಾರ್ಥಿಸಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಹರಕೆ ಹೊತ್ತಿಲ್ಲ. ಏನೇ ಬಂದರೂ ಬರುವ ಭಾನುವಾರ ಚರ್ಚಿಗೆ ಹೋಗುತ್ತೇನೆ. ಸೋಮವಾರ ಸಂಜೆ ಆ ಹುಡುಗಿಗೆ ತ್ರಿಕೋನಮಿತಿ ಶುರು ಮಾಡಬೇಕು.