ಲಾರಿಯ ಚಾಲಕನೂ ಲಾರಿಯ ಹಿಂದಿರುವವರೂ

ಮನುಷ್ಯರನ್ನು ಸರಕಿನಂತೆ ಮರೆಮಾಚಿ ಗಡಿ ದಾಟಿಸುವ ದಂಧೆಯು ಬೆಳಕಿಗೆ ಬಂದಾಗ, ಎಲ್ಲರಿಗಿಂತ ಮೊದಲು ಕೈಗೆ ಸಿಕ್ಕುವವನು ಗಾಡಿಯ ಚಾಲಕ. ಲಾರಿಯು ಕಣ್ಣಿಗೆ ಕಾಣುತ್ತದೆ. ಅದರ ನಂಬರು ಹಲಗೆಯ ಮೇಲಿರುತ್ತದೆ. ಚಾಲಕನ ಲೈಸೆನ್ಸು ಅವನ ಜೇಬಿನಲ್ಲಿಯೇ ಇರುತ್ತದೆ. ಹಣ ಎಣಿಸಿಕೊಂಡ ದಲ್ಲಾಳಿಗಾಗಲಿ, ದಾರಿಯನ್ನು ಗೊತ್ತುಮಾಡಿದವನಿಗಾಗಲಿ, ಆ ಜನರನ್ನು ಕೊನೆಗೆ ದುಡಿಸಿಕೊಳ್ಳುವವನಿಗಾಗಲಿ ಇಂತಹ ಗುರುತು ಯಾವುದೂ ಇಲ್ಲ. ಆದುದರಿಂದ ಚಾಲಕನು ಬಂಧಿತನಾದ ದಿನವೇ ವಿಷಯವು ಮುಗಿಯಿತೆಂದು ಜನರು ಭಾವಿಸುತ್ತಾರೆ. ಈ ಭಾವನೆಯು ತಪ್ಪಾದುದು ಮಾತ್ರವಲ್ಲ, ಅಪಾಯಕರವಾದುದೆಂದೂ ನಾವು ಹೇಳಬೇಕಾಗಿದೆ.

ಜಯನಗರ, ಬನಶಂಕರಿಗಳಲ್ಲಿ ವಾಸಿಸುವ ವಾಚಕ ಮಹಾಶಯರಿಗೆ ಇದು ದೂರದ ಮಾತಲ್ಲ. ತಮಿಳುನಾಡಿನ ಹೆದ್ದಾರಿಯು ಅತ್ತಿಬೆಲೆಯಲ್ಲಿ ನಮ್ಮ ರಾಜ್ಯವನ್ನು ಹೊಕ್ಕು, ಬೊಮ್ಮನಹಳ್ಳಿಯನ್ನು ದಾಟಿ, ಬಿ.ಟಿ.ಎಂ. ಬಡಾವಣೆಯ ಮಗ್ಗುಲಲ್ಲಿಯೇ ನಗರವನ್ನು ಸೇರುತ್ತದೆ. 2021ರ ಜೂನ್ ತಿಂಗಳಲ್ಲಿ ಮಂಗಳೂರಿನ ಪೋಲೀಸಿನವರು ಶ್ರೀಲಂಕೆಯ 38 ಮಂದಿಯನ್ನು ಹಿಡಿದರು. ಕೆನಡಾಕ್ಕೆ ಕಳುಹಿಸುವೆವೆಂಬ ಮಾತನ್ನು ನಂಬಿ, ಲಕ್ಷಗಟ್ಟಲೆ ಹಣ ತೆತ್ತು, ಸಮುದ್ರಮಾರ್ಗವಾಗಿ ತಮಿಳುನಾಡಿಗೆ ಬಂದು, ಬೆಂಗಳೂರಿನ ಮೂಲಕ ಕಡಲತೀರವನ್ನು ಮತ್ತೆ ಸೇರಿದ್ದವರು ಅವರು. ಪ್ರಕರಣವು ರಾಷ್ಟ್ರೀಯ ತನಿಖಾ ದಳಕ್ಕೆ ಹೋಯಿತು. ತಲೆಮರೆಸಿಕೊಂಡಿದ್ದ ಪ್ರಧಾನ ಆರೋಪಿಯೊಬ್ಬನು ಸೆರೆಯಾದದ್ದು 2023ರಲ್ಲಿ. ಮೋಸಹೋದವರು ಮೊದಲು ಸಿಕ್ಕಿದರು. ಮೋಸದ ಆರೋಪ ಹೊತ್ತವನು ಸಿಕ್ಕಲು ಎರಡು ವರ್ಷ ಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಇದೇ ದಳದವರು ಬಾಂಗ್ಲಾದೇಶದ ಗಡಿಯ ಕಳ್ಳಸಾಗಣೆಯ ಸಂಬಂಧವಾಗಿ ಹಲವು ರಾಜ್ಯಗಳಲ್ಲಿ ಒಮ್ಮೆಗೇ ಶೋಧನೆ ನಡೆಸಿ 44 ಮಂದಿಯನ್ನು ಬಂಧಿಸಿದರು. ದಂಧೆಯು ಸರಪಳಿಯಂತಿದೆ, ಚಾಲಕನು ಅದರ ಒಂದು ಕೊಂಡಿ ಮಾತ್ರ.

ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. ನಮ್ಮ ಸಂವಿಧಾನದ 23ನೆಯ ವಿಧಿಯು ಮನುಷ್ಯರ ವ್ಯಾಪಾರವನ್ನು ನಿಷೇಧಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮಿನಂತೆ, ಬಲಾತ್ಕಾರ, ವಂಚನೆ ಮೊದಲಾದ ಉಪಾಯಗಳಿಂದ, ಶೋಷಣೆಯ ಉದ್ದೇಶದಿಂದ, ಜನರನ್ನು ಸೇರಿಸಿದವನು ಮಾತ್ರವಲ್ಲದೆ ಸಾಗಿಸಿದವನೂ ಅಪರಾಧಿಯೇ. ಒಬ್ಬರಿಗಿಂತ ಹೆಚ್ಚು ಜನರ ವಿಷಯದಲ್ಲಿ ಹತ್ತು ವರ್ಷಕ್ಕೆ ಕಡಮೆಯಿಲ್ಲದ ಕಠಿನ ಶಿಕ್ಷೆಯುಂಟು. ಅದು ಜೀವಾವಧಿಯವರೆಗೂ ಹೋಗಬಹುದು. ದುಡಿಮೆ ಹುಡುಕಿಕೊಂಡು ತಾನಾಗಿ ಗಡಿ ದಾಟಿ ಬರುವವನ ವಿಷಯವು ಬೇರೆ. ಅದಕ್ಕೆ ವಿದೇಶೀಯರನ್ನು ಕುರಿತ 2025ರ ಕಾನೂನು ಇದೆ. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸಿ ಕಾಸು ಗಿಟ್ಟಿಸುವುದು ಇನ್ನೂ ಬೇರೆ. ಅದು ಮೋಟಾರು ವಾಹನ ಕಾನೂನಿನ ಉಲ್ಲಂಘನೆ. ಈ ಮೂರನ್ನೂ ಒಂದೇ ಹೆಸರಿನಿಂದ ಕರೆಯುವುದು ನ್ಯಾಯವಲ್ಲ. ಪಶ್ಚಿಮ ಬಂಗಾಳದಿಂದಲೋ ಅಸ್ಸಾಮಿನಿಂದಲೋ ಕೂಲಿಗೆ ಬಂದ ನಮ್ಮ ದೇಶದ ಪ್ರಜೆಯನ್ನು ಅವನ ಮಾತಿನ ಧಾಟಿಯಿಂದಲೇ ವಿದೇಶೀಯನೆಂದು ನಿರ್ಣಯಿಸಿ, ಅವನನ್ನು ಕರೆತಂದ ಚಾಲಕನನ್ನು ಕಳ್ಳಸಾಗಣೆಗಾರನೆನ್ನುವುದಂತೂ ಅನ್ಯಾಯದ ಪರಮಾವಧಿ.

ಹಾಗಾದರೆ ಚಾಲಕರೆಲ್ಲರೂ ನಿರಪರಾಧಿಗಳೆ? ಎಂದಿಗೂ ಅಲ್ಲ. 2000ನೆಯ ಇಸವಿಯ ಜೂನಿನಲ್ಲಿ ಇಂಗ್ಲೆಂಡಿನ ಡೋವರ್ ಬಂದರಿನಲ್ಲಿ ಟೊಮೇಟೊ ಹೇರಿದ ಲಾರಿಯೊಂದನ್ನು ತೆರೆದಾಗ, ಒಳಗಿದ್ದ ಚೀನಾದೇಶದ 60 ಮಂದಿಯಲ್ಲಿ 58 ಮಂದಿ ಉಸಿರುಕಟ್ಟಿ ಸತ್ತಿದ್ದರು. ಗಾಳಿಯಾಡುತ್ತಿದ್ದ ಒಂದೇ ಕಿಂಡಿಯನ್ನು ಚಾಲಕನೇ ಮುಚ್ಚಿದ್ದನು. ಅವನಿಗೆ 14 ವರ್ಷಗಳ ಸೆರೆಯಾಯಿತು. ಅವನು ಅದಕ್ಕೆ ಅರ್ಹನೇ ಆಗಿದ್ದನು. 2019ರ ಅಕ್ಟೋಬರಿನಲ್ಲಿ ಅದೇ ದೇಶದ ಎಸೆಕ್ಸ್ ಪ್ರಾಂತದಲ್ಲಿ ವಿಯೆಟ್ನಾಮಿನ 39 ಮಂದಿ ಹಾಗೆಯೇ ಸತ್ತರು. ಅವರಿಗೆ ಬೇಗನೆ ಗಾಳಿ ಕೊಡು, ಆದರೆ ಹೊರಗೆ ಬಿಡಬೇಡವೆಂದು ಚಾಲಕನಿಗೆ ದೂರವಾಣಿಯಲ್ಲಿ ಸಂದೇಶವು ಬಂದಿತ್ತು. ತನಿಖೆಯು ಆ ಸಂದೇಶವನ್ನು ಕಳುಹಿಸಿದವನವರೆಗೂ ಹೋಯಿತು. 2021ರಲ್ಲಿ ಚಾಲಕನಿಗೆ 13 ವರ್ಷ 4 ತಿಂಗಳು, ಸಂಚನ್ನು ನಡೆಸಿದವರಲ್ಲಿ ಇಬ್ಬರಿಗೆ 20 ಮತ್ತು 27 ವರ್ಷಗಳ ಶಿಕ್ಷೆಯಾಯಿತು. ಚಾಲಕನನ್ನು ಬಿಡಲಿಲ್ಲ, ಆದರೆ ಅವನಲ್ಲಿಗೇ ನಿಲ್ಲಲೂ ಇಲ್ಲ. ನಮಗೆ ಬೇಕಾದ ಮಾದರಿಯು ಇದೇ.

ಆದುದರಿಂದ ಮುಖ್ಯ ಪ್ರಶ್ನೆಯು ಚಾಲಕನಿಗೆ ಏನು ತಿಳಿದಿತ್ತೆಂಬುದು. ಬಾಡಿಗೆಯನ್ನು ಗೊತ್ತುಮಾಡಿದವರು ಯಾರು? ಅದು ವಾಡಿಕೆಯ ಬಾಡಿಗೆಯೇ, ಬಾಯಿ ಮುಚ್ಚಿಸುವ ಬಾಡಿಗೆಯೇ? ಟಾರ್ಪಾಲನ್ನು ಬಿಗಿದವರು ಯಾರು? ಇಳಿಸಿಕೊಳ್ಳಲು ಕಾದಿದ್ದವರು ಯಾರು? ಇವುಗಳಿಗೆ ಉತ್ತರವು ಲಾಠಿಯ ತುದಿಯಲ್ಲಿಲ್ಲ. ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಫಾಸ್ಟ್‌ಟ್ಯಾಗಿನ ದಾಖಲೆಯಿದೆ, ಸರಕಿಗೆ ಇ-ವೇ ಬಿಲ್ಲಿದೆ, ದೂರವಾಣಿಯ ಕರೆಗಳ ಪಟ್ಟಿಯಿದೆ, ಬ್ಯಾಂಕಿನ ಲೆಕ್ಕವಿದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾವ ಆರೋಪಿಯನ್ನೂ ಬಲಾತ್ಕರಿಸಕೂಡದೆಂದು ಸಂವಿಧಾನದ 20ನೆಯ ವಿಧಿಯೂ, ವಕೀಲರ ನೆರವು ಅವನ ಹಕ್ಕೆಂದು 22ನೆಯ ವಿಧಿಯೂ ಸಾರುತ್ತವೆ. ಇಂಗ್ಲಿಷು ಬಾರದ, ಊರಿನಲ್ಲಿ ಜಾಮೀನುದಾರರಿಲ್ಲದ ಲಾರಿಯ ಚಾಲಕನಿಗೂ ಈ ವಿಧಿಗಳು ಅನ್ವಯಿಸತಕ್ಕವೇ.

ಕೋತಿಯು ತಾನು ಮೊಸರನ್ನು ತಿಂದು ಮೇಕೆಯ ಬಾಯಿಗೆ ಒರೆಸಿತೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಅಗ್ಗದ ಕೂಲಿಯನ್ನು ಬಯಸುವವರಿರುವವರೆಗೆ ಅದನ್ನು ತಂದೊದಗಿಸುವವರೂ ಇರುತ್ತಾರೆ. ತಮ್ಮ ಮನೆಯ ತಾರಸಿಯನ್ನು ಹಾಕುವ ಕೂಲಿಗಳನ್ನು ಯಾರು ಕರೆತಂದರು, ಅವರ ಕೂಲಿಯು ಅವರ ಕೈಗೇ ಸೇರುತ್ತಿದೆಯೆ, ಬೇಡವೆಂದಾಗ ಅವರು ಬಿಟ್ಟುಹೋಗಬಲ್ಲರೆ ಎಂದು ಮೇಸ್ತ್ರಿಯನ್ನು ಕೇಳುವ ಗೃಹಸ್ಥರು ನಮ್ಮ ಬಡಾವಣೆಗಳಲ್ಲಿ ಎಷ್ಟು ಮಂದಿ? ಪೋಲೀಸಿನವರು ಲಾರಿಯ ಬಾಗಿಲನ್ನು ತೆರೆಯಲಿ. ಅದು ಅವರ ಕರ್ತವ್ಯ. ಆದರೆ ಆ ಲಾರಿಯು ಯಾರ ಬಾಗಿಲಿಗೆ ಹೊರಟಿತ್ತೆಂಬುದನ್ನೂ ಅವರು ಕಂಡುಹಿಡಿಯತಕ್ಕದ್ದು. ಆ ಬಾಗಿಲು ಎಷ್ಟೇ ದೊಡ್ಡವರದಾಗಿದ್ದರೂ ಅದನ್ನು ತಟ್ಟಲು ಸರ್ಕಾರದವರು ಹಿಂಜರಿಯಬಾರದು.