ಪರದೇಶದ ಅತಿಥಿಗಳೂ ಕಾಗದವಿಲ್ಲದ ಟಿಕೆಟ್ಟೂ

ನಮ್ಮ ಅಣ್ಣಿಗೇರಿ ಪ್ರಾಂತದ ಎಷ್ಟೋ ಮನೆತನಗಳ ಮಕ್ಕಳು ಇಂದು ಪರದೇಶಗಳಲ್ಲಿ ನೆಲೆಸಿರುವರು. ಮದುವೆ, ಗೃಹಪ್ರವೇಶ, ಜಾತ್ರೆಗಳ ನಿಮಿತ್ತ ಅವರು ಊರಿಗೆ ಬರುವಾಗ ಆ ನಾಡಿನಲ್ಲಿ ಹುಟ್ಟಿ ಬೆಳೆದ ಸೊಸೆಯೋ ಅಳಿಯನೋ ಗೆಳೆಯರೋ ಜೊತೆಗೂಡುವುದುಂಟು. ಬೆಂಗಳೂರಿನವರೆಗೆ ವಿಮಾನ, ಮುಂದೆ ರೈಲು. ಆ ರೈಲಿನ ಟಿಕೆಟ್ಟು ಈಗ ಬಹುಮಟ್ಟಿಗೆ ಮೊಬೈಲಿನಲ್ಲಿ ಕಾಣುವ ನಾಲ್ಕು ಸಾಲುಗಳಷ್ಟೆ. ಹಣ ಸಂದಾಯವಾಗಿ ಹತ್ತು ಅಂಕಿಗಳ ಪಿಎನ್‌ಆರ್ ಸಂಖ್ಯೆ ಬಂದ ಕೂಡಲೆ ಪ್ರಯಾಣ ನಿಶ್ಚಿತವಾಯಿತೆಂದು ಹೊಸಬರು ಭಾವಿಸುವರು. ಅಲ್ಲಿಯೇ ತೊಡಕಿನ ಮೂಲವಿದೆ. ಆಸನ ಖಚಿತವಾಗಿರಬೇಕು, ಹೆಸರು ಸರಿಯಾಗಿರಬೇಕು, ಗುರುತಿನ ಮೂಲಪತ್ರ ಕೈಯಲ್ಲಿರಬೇಕು. ಈ ಮೂರೂ ಕೂಡಿದಾಗಲೇ ಅದು ಟಿಕೆಟ್ಟು.

ಮೊದಲು ಆಸನದ ವಿಚಾರ. ‘ಕನ್ಫರ್ಮ್’ ಎಂದಿದ್ದರೆ ಬೋಗಿಯ ಮತ್ತು ಬರ್ತಿನ ಸಂಖ್ಯೆಯೊಡನೆ ಸ್ಥಳ ದೊರೆತಿದೆ ಎಂದರ್ಥ. ‘ಆರ್‌ಎಸಿ’ ಎಂದಿದ್ದರೆ ಗಾಡಿ ಹತ್ತಬಹುದು. ಆದರೆ ಒಂದು ಬರ್ತನ್ನು ಇಬ್ಬರು ಹಂಚಿಕೊಂಡು ಕುಳಿತುಕೊಳ್ಳಬೇಕಾದೀತು. ‘ವೇಟಿಂಗ್ ಲಿಸ್ಟ್’ ಎಂದಿದ್ದು, ಹೊರಡುವ ಮುನ್ನ ಪಟ್ಟಿ ಸಿದ್ಧವಾದಾಗಲೂ ಯಾರೊಬ್ಬರಿಗೂ ಸ್ಥಳ ದೊರೆಯದಿದ್ದರೆ ಇ-ಟಿಕೆಟ್ಟು ತಾನಾಗಿಯೇ ರದ್ದಾಗುತ್ತದೆ. ಹಣ ಖಾತೆಗೆ ಮರಳುತ್ತದೆ. ಅದನ್ನೇ ಹಿಡಿದು ಬೋಗಿಯೊಳಗೆ ಕುಳಿತವರು ಟಿಕೆಟ್ಟಿಲ್ಲದವರೆನಿಸಿ ದಂಡ ತೆರಬೇಕಾಗುವುದು. ಇದನ್ನು ಅತಿಥಿಗಳಿಗೆ ಅವರ ಭಾಷೆಯಲ್ಲಿಯೇ ಮುಂಚಿತವಾಗಿ ತಿಳಿಸಿರಬೇಕು.

ಮುಂಗಡ ಕಾಯ್ದಿರಿಸುವ ಅವಧಿಯು 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿದಿದೆ. ವಿದೇಶಿ ಪ್ರವಾಸಿಗರಿಗೆ ಮಾತ್ರ 365 ದಿನಗಳ ಅವಕಾಶ ಹಾಗೆಯೇ ಉಳಿದಿದೆಯಾದರೂ ಅವರಿಗೆ ಮೀಸಲಾದ ಸ್ಥಳಗಳು ಎಲ್ಲ ಗಾಡಿಗಳಲ್ಲಿಯೂ ಇರುವುದಿಲ್ಲ. ಕಡೆಯ ಗಳಿಗೆಯಲ್ಲಿ ‘ತತ್ಕಾಲ್’ ನೆಚ್ಚಿಕೊಳ್ಳುವಂತೆಯೂ ಇಲ್ಲ. 2025ರ ಜುಲೈ 1ರಿಂದ ಅಂತರ್ಜಾಲದಲ್ಲಿ ತತ್ಕಾಲ್ ಟಿಕೆಟ್ಟು ಪಡೆಯಲು ಆಧಾರ್ ದೃಢೀಕರಣಗೊಂಡ ಖಾತೆ ಬೇಕು. ಪರದೇಶದಿಂದ ಬಂದವರಲ್ಲಿ ಅದು ಇರುವುದೆಲ್ಲಿಂದ? ಆದುದರಿಂದ ಮದುವೆಯ ದಿನ ಗೊತ್ತಾದ ಮೇಲೆ ಅರವತ್ತನೆಯ ದಿನವನ್ನು ಲೆಕ್ಕ ಹಾಕಿಟ್ಟುಕೊಂಡು, ಇಲ್ಲಿಯ ಬಂಧುಗಳೇ ತಮ್ಮ ಖಾತೆಯಿಂದ ಅತಿಥಿಯ ಹೆಸರಿನಲ್ಲಿ ಟಿಕೆಟ್ಟು ತೆಗೆದಿಡುವುದು ಲೇಸು.

ಎರಡನೆಯದು ಹೆಸರು. ಮನೆಯಲ್ಲಿ ಕರೆಯುವ ಮುದ್ದಿನ ಹೆಸರು ಇಲ್ಲಿ ಸಲ್ಲದು. ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಬರೆಯಬೇಕು. ರಾಷ್ಟ್ರೀಯತೆಯನ್ನು ಕೇಳುವಲ್ಲಿ ಅವರ ದೇಶವನ್ನೇ ನಮೂದಿಸಬೇಕು. ಒಬ್ಬರು ಬಾರದಾದರೆ ಅವರ ಟಿಕೆಟ್ಟಿನಲ್ಲಿ ಇನ್ನೊಬ್ಬರನ್ನು ಕೂಡ್ರಿಸಿ ಕಳುಹಿಸುವುದು ನಮ್ಮಲ್ಲಿ ಕೆಲವರ ರೂಢಿ. ಇದು ಅಪರಾಧ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಪತಿ, ಪತ್ನಿ ಇವರ ನಡುವೆ ಮಾತ್ರ, ಗಾಡಿ ಹೊರಡುವ 24 ಗಂಟೆ ಮೊದಲೇ ನಿಲ್ದಾಣದಲ್ಲಿ ಅರ್ಜಿ ಕೊಟ್ಟು ಹೆಸರು ಬದಲಿಸಲು ಸಾಧ್ಯ. ಗೆಳೆಯರಿಗೆ ಆ ಸೌಲಭ್ಯವಿಲ್ಲ.

ಮೂರನೆಯದು ಗುರುತು. ವಿದೇಶಿಯರಿಗೆ ಪಾಸ್‌ಪೋರ್ಟೇ ಆಧಾರ. ಅದರ ಛಾಯಾಪ್ರತಿ ಸಾಲದು, ಮೂಲಪತ್ರವೇ ಬೇಕು. ಅದನ್ನು ದೊಡ್ಡ ಪೆಟ್ಟಿಗೆಯ ತಳದಲ್ಲಿ ಇಡಲಾಗದು. ಮೊಬೈಲು ಆರಿಹೋಗುವ ಸಂಭವವಿರುವುದರಿಂದ ಪಿಎನ್‌ಆರ್, ಗಾಡಿ, ಬೋಗಿ, ಬರ್ತ್‌ಗಳ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿರಿ. ಪರದೇಶದ ಮೊಬೈಲ್ ಸಂಖ್ಯೆಗೆ ರೈಲ್ವೆಯ ಸಂದೇಶ ತಲುಪದೆ ಹೋಗಬಹುದು. ಆದ್ದರಿಂದ ಕಾಯ್ದಿರಿಸುವಾಗ ಇಲ್ಲಿಯವರ ಸಂಖ್ಯೆಯನ್ನು ಕೊಟ್ಟು, ಬಂದ ಸಂದೇಶವನ್ನು ಅವರಿಗೆ ಮುಟ್ಟಿಸುವ ಹೊಣೆಯನ್ನು ಮನೆಯ ಒಬ್ಬರು ಹೊರಬೇಕು.

ದಿನಾಂಕದ ವಿಷಯದಲ್ಲಿಯೂ ಎಚ್ಚರ ಬೇಕು. ಅಮೆರಿಕದವರು ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುವರು; ಅವರ 5/6 ಎಂಬುದು ಮೇ 6, ನಮಗದು ಜೂನ್ 5. ಇನ್ನು ರೈಲಿನ ಗಡಿಯಾರಕ್ಕೆ 24 ಗಂಟೆ. 12ನೆಯ ತಾರೀಖು 00.10ಕ್ಕೆ ಹೊರಡುವ ಗಾಡಿಗೆ 11ರ ರಾತ್ರಿಯೇ ನಿಲ್ದಾಣದಲ್ಲಿರಬೇಕು; 12ರ ರಾತ್ರಿ ಹೋದವನ ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತದೆ.

ಸ್ಥಳವನ್ನೂ ಬಿಡಿಸಿ ಹೇಳಬೇಕು. ಬೆಂಗಳೂರಿನಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಯಶವಂತಪುರ, ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಎಂದು ಬೇರೆ ಬೇರೆ ನಿಲ್ದಾಣಗಳಿವೆ. ಒಂದರ ಬದಲು ಇನ್ನೊಂದಕ್ಕೆ ಹೋದರೆ ಗಾಡಿ ತಪ್ಪಿದಂತೆಯೇ. ಹುಬ್ಬಳ್ಳಿಯ ನಿಲ್ದಾಣವು ಈಗ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರಿನಲ್ಲಿದೆ. ಟಿಕೆಟ್ಟಿನಲ್ಲಿ ಆ ದೀರ್ಘ ನಾಮವನ್ನು ಕಂಡು ಅತಿಥಿಗಳು ಗಲಿಬಿಲಿಗೊಳ್ಳಬಾರದು. 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಅಲ್ಲಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದ್ದು, ಜಗತ್ತಿನಲ್ಲಿಯೇ ಅತಿ ಉದ್ದದ್ದೆಂದು ಹೆಸರಾಗಿದೆ. ಕರೆತರಲು ಹೋದವರು ಬೋಗಿಯ ಸಂಖ್ಯೆ ತಿಳಿಯದೆ ನಿಂತರೆ ಒಬ್ಬರನ್ನೊಬ್ಬರು ಹುಡುಕುವುದರಲ್ಲಿಯೇ ದಣಿಯಬೇಕಾದೀತು.

ಹುಬ್ಬಳ್ಳಿ–ಗದಗ ಮಾರ್ಗದಲ್ಲಿರುವ ನಮ್ಮ ಅಣ್ಣಿಗೇರಿಯಲ್ಲಿ ಎಲ್ಲ ವೇಗದ ಗಾಡಿಗಳೂ ನಿಲ್ಲುವುದಿಲ್ಲ. ನಿಲ್ಲುವ ಗಾಡಿ ಯಾವುದೆಂಬುದನ್ನು 139ಕ್ಕೆ ಕರೆಮಾಡಿ ವಿಚಾರಿಸಿದ ಮೇಲೆಯೇ ಟಿಕೆಟ್ಟು ತೆಗೆಯಿರಿ. ಇಲ್ಲವಾದರೆ ಹುಬ್ಬಳ್ಳಿಯಲ್ಲಿಯೇ ಇಳಿಸಿಕೊಂಡು, ಸುಮಾರು 35 ಕಿಲೋಮೀಟರಿನ ಹಾದಿಯನ್ನು ಬಸ್ಸಿನಲ್ಲಿಯೋ ವಾಹನದಲ್ಲಿಯೋ ಕ್ರಮಿಸುವುದು ಸುಲಭ.

ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಟ್ಟು, ಹೋಳಿಗೆ ಬಡಿಸಿ ಸತ್ಕರಿಸುವುದರಲ್ಲಿ ನಮ್ಮ ಗೃಹಿಣಿಯರು ಹಿಂದೆ ಬಿದ್ದವರಲ್ಲ. ಆದರೆ ಭಾಷೆ ತಿಳಿಯದ ಹೆಣ್ಣುಮಗಳೊಬ್ಬಳು ನಡುರಾತ್ರಿ ಅಪರಿಚಿತ ನಿಲ್ದಾಣದಲ್ಲಿ ಇಳಿಯಬೇಕಾಗಿ ಬಂದರೆ ಆ ಹೋಳಿಗೆಗೆ ರುಚಿಯೆಲ್ಲಿಯದು? ಅತಿಥಿಸತ್ಕಾರವು ಹೊಸ್ತಿಲಲ್ಲಿ ಆರಂಭವಾದರೆ ತಡವಾದಂತೆ. ಬರುವ ಮದುವೆಯ ತಿಂಗಳುಗಳಿಗೆ ಪರದೇಶದ ಬಂಧುಗಳನ್ನು ಕರೆದಿರುವ ಮನೆಯವರು ಲಗ್ನಪತ್ರಿಕೆಯೊಡನೆ ಈ ವಿವರಗಳನ್ನೂ ಇಂಗ್ಲಿಷಿನಲ್ಲಿ ಬರೆದು ಕಳುಹಿಸಲಿ.