ಗ್ಲೂಕೋಸಿಗೆ ಮೊದಲು ಒಂದು ಚುಚ್ಚುಮದ್ದು: ಆರೋಗ್ಯ ಮತ್ತು ಅಬಕಾರಿ ಸಚಿವರಿಗೆ ಬಹಿರಂಗ ಪತ್ರ



ನಾನು ತುಮಕೂರು ಜಿಲ್ಲೆಯ ನಿವೃತ್ತ ಶಾಲಾ ಶಿಕ್ಷಕಿ. ನನ್ನ ತಮ್ಮನಿಗೆ ಆದದ್ದನ್ನು ಬರೆಯುತ್ತಿದ್ದೇನೆ, ಆದರೆ ಕೇಳುತ್ತಿರುವುದು ಅವನಿಗಾಗಿ ಅಲ್ಲ. ಅವನು ಇನ್ನು ಹೀಗೇ ಇರುತ್ತಾನೆ ಎಂದು ಡಾಕ್ಟರು ಹೇಳಿಯಾಗಿದೆ.

ತಮ್ಮ ಗಾರೆ ಮೇಸ್ತ್ರಿ, ವಯಸ್ಸು 46. ಇವತ್ತಿಗೂ ತೂಗುಗುಂಡು ಕೈಗೆ ಕೊಟ್ಟರೆ ಗೋಡೆ ಎಲ್ಲಿ ವಾಲಿದೆ ಎಂದು ತಪ್ಪದೆ ಹೇಳುತ್ತಾನೆ. ಆದರೆ ಉಂಡು ಕೈತೊಳೆದ ಹತ್ತೇ ನಿಮಿಷಕ್ಕೆ ಮತ್ತೆ ಬಂದು ತಟ್ಟೆ ಮುಂದೆ ಕೂರುತ್ತಾನೆ. ಅವನ ಹೆಂಡತಿ ಅಡುಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ತಿಂಡಿ ಆಯ್ತು’, ‘ಊಟ ಆಯ್ತು’ ಎಂದು ಬರೆದಿಡುತ್ತಾಳೆ. ಅವನು ಅದನ್ನು ಗಟ್ಟಿಯಾಗಿ ಓದಿ, ‘ಯಾರು ಬರೆದಿದ್ದು ಇದನ್ನ?’ ಅಂತಾನೆ. ಬೆಳಿಗ್ಗೆಯಿಂದ ಎಲ್ಲಿದ್ದೆ ಎಂದರೆ, ಸಂತೆಗೆ ಹೋಗಿ ಎರಡು ಕುರಿ ಮಾರಿ ಬಂದೆ ಎನ್ನುತ್ತಾನೆ. ನಮ್ಮ ಮನೆಯಲ್ಲಿ ಕುರಿಯೇ ಇಲ್ಲ. ಬೇಕೆಂದು ಹೇಳುವ ಸುಳ್ಳಲ್ಲ ಅದು. ನೆನಪಿನಲ್ಲಿ ಬಿದ್ದ ತೂತನ್ನು ಮಿದುಳು ಹೀಗೆ ಕಥೆ ಕಟ್ಟಿ ಮುಚ್ಚಿಕೊಳ್ಳುತ್ತದೆ. ಕಾಯಿಲೆಯ ಹೆಸರು ವರ್ನಿಕೆ-ಕೊರ್ಸಕಾಫ್.

ಹೌದು, ಅವನು ಕುಡಿಯುತ್ತಿದ್ದ. ಕೊನೆಕೊನೆಗೆ ಮುದ್ದೆ ಮುಟ್ಟುತ್ತಿರಲಿಲ್ಲ. ಉಪ್ಪಿನಕಾಯಿ ನೆಕ್ಕಿಕೊಂಡು ಪ್ಯಾಕೆಟ್ ಮುಗಿಸಿ ಮಲಗುತ್ತಿದ್ದ. ಒಂದು ದಿನ ಕಾಲು ಅಗಲಿಸಿಕೊಂಡು ನಡೆಯತೊಡಗಿದ. ಎದುರಿಗಿದ್ದವರು ಎರಡೆರಡು ಕಾಣುತ್ತಾರೆ ಅಂದ. ಹತ್ತಿರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ‘ಕುಡಿದಿದ್ದಾನೆ, ಇಳಿದ ಮೇಲೆ ಸರಿಹೋಗ್ತಾನೆ’ ಎಂದು ಗ್ಲೂಕೋಸ್ ಬಾಟಲಿ ಏರಿಸಿದರು. ಐದನೇ ದಿನಕ್ಕೆ ಅವನಿಗೆ ನಮ್ಮ ಗುರುತೇ ಸಿಗಲಿಲ್ಲ. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಬಿ-1 ಜೀವಸತ್ವದ, ಅಂದರೆ ಥಯಾಮಿನ್‌ನ, ಚುಚ್ಚುಮದ್ದು ಕೊಟ್ಟರು. ಎರಡು ದಿನದಲ್ಲಿ ಕಣ್ಣು ನೆಟ್ಟಗಾಯಿತು. ನೆನಪು ಬರಲಿಲ್ಲ.

ನಮ್ಮ ಮೈಯಲ್ಲಿ ಬಿ-1ರ ದಾಸ್ತಾನು ಸುಮಾರು 30 ಮಿಲಿಗ್ರಾಂ. ಊಟದಿಂದ ಬರುವುದು ನಿಂತರೆ ಅದು ಎರಡು-ಮೂರು ವಾರಕ್ಕೆ ಬರಿದಾಗುತ್ತದೆ. ಮದ್ಯವಂತೂ ಕರುಳು ಅದನ್ನು ಹೀರದಂತೆ ತಡೆಯುತ್ತದೆ. ಬಿ-1 ಬರಿದಾದ ಮೈಗೆ ಗ್ಲೂಕೋಸ್ ಹರಿಸಿದರೆ, ಉಳಿದ ಚೂರುಪಾರೂ ಆ ಸಕ್ಕರೆಯನ್ನು ಅರಗಿಸುವುದರಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ಮೊದಲು ಬಿ-1, ಆಮೇಲೆ ಗ್ಲೂಕೋಸ್ ಎಂಬ ಪಾಠ ವೈದ್ಯಕೀಯ ಪುಸ್ತಕದಲ್ಲಿದೆ. ನಮ್ಮ ಪಾಲಿಗೆ ಅದು ಪುಸ್ತಕದಲ್ಲೇ ಉಳಿಯಿತು.

ಈಗ ಲೆಕ್ಕಕ್ಕೆ ಬರುತ್ತೇನೆ. ವಯಸ್ಕನೊಬ್ಬನಿಗೆ ದಿನಕ್ಕೆ ಬೇಕಾದ ಬಿ-1 ಸುಮಾರು 1.2 ಮಿಲಿಗ್ರಾಂ; ವರ್ಷಕ್ಕೆ ಅರ್ಧ ಗ್ರಾಮೂ ಅಲ್ಲ. ಒಂದು ಕಿಲೊ ಬಿ-1ನಲ್ಲಿ 2,200ಕ್ಕೂ ಹೆಚ್ಚು ಜನರ ವರ್ಷದ ಅಗತ್ಯ ತೀರುತ್ತದೆ. ಕುಡಿಯುವವರ ಮೈಗೆ ಸರಿಯಾಗಿ ಹತ್ತುವುದಿಲ್ಲವೆಂದು ಐದು ಪಟ್ಟು ಕೊಟ್ಟರೂ 450 ಜನರಿಗೆ ಸಾಕು. ಇತ್ತ ನಮ್ಮ ಮನೆಯ ಲೆಕ್ಕ ನೋಡಿ. ತಮ್ಮನ ದಿನಗೂಲಿ 900 ರೂಪಾಯಿ ನಿಂತಿತು. ಅವನನ್ನು ಒಬ್ಬನೇ ಬಿಡುವಂತಿಲ್ಲವೆಂದು ಅವನ ಹೆಂಡತಿ ಗಾರ್ಮೆಂಟ್ಸ್ ಕೆಲಸ ಬಿಟ್ಟಳು. ತಿಂಗಳಿಗೆ 12,000 ಅದೂ ಹೋಯಿತು. ಇನ್ನು ಅವನು ಬದುಕಿರುವಷ್ಟು ದಿನ ಹೀಗೇ. ಸರ್ಕಾರದ ಕಡೆಯ ಲೆಕ್ಕ ನಿಮಗೆ ಗೊತ್ತಿರುವುದೇ: 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಮದ್ಯದ ಸಗಟು ವ್ಯಾಪಾರವೂ ಸರ್ಕಾರದ್ದೇ ನಿಗಮದ ಕೈಯಲ್ಲಿದೆ. ನನ್ನ ತಮ್ಮ ಕುಡಿದ ಪ್ರತಿ ಪ್ಯಾಕೆಟ್ಟಿನಿಂದಲೂ ಖಜಾನೆಗೆ ಪಾಲು ಸಂದಿದೆ.

ಈ ಲೆಕ್ಕವನ್ನು ನಾನೇ ಮೊದಲು ಹಾಕಿದ್ದಲ್ಲ. ಅಮೆರಿಕದಲ್ಲಿ ಸೆಂಟರ್‌ವಾಲ್ ಮತ್ತು ಕ್ರಿಕ್ವಿ ಎಂಬ ಇಬ್ಬರು 1978ರಲ್ಲೇ ಇದರ ಖರ್ಚು-ಲಾಭ ತೂಗಿ, ಮದ್ಯಕ್ಕೇ ಬಿ-1 ಬೆರೆಸಿ ಎಂದು ಬರೆದರು. ಅದನ್ನು ಅಲ್ಲಿ ಯಾರೂ ಜಾರಿಗೆ ತರಲಿಲ್ಲ. ಆಸ್ಟ್ರೇಲಿಯಾ ಬೇರೆ ದಾರಿ ಹಿಡಿಯಿತು. ಅಲ್ಲಿ ಕ್ಲೈವ್ ಹಾರ್ಪರ್ ಎಂಬ ತಜ್ಞರು ಮರಣೋತ್ತರ ಪರೀಕ್ಷೆಗಳಲ್ಲಿ ಮಿದುಳುಗಳನ್ನು ನೋಡುತ್ತ ಹೋದಾಗ ಈ ಕಾಯಿಲೆಯ 131 ಪ್ರಕರಣ ಸಿಕ್ಕವು. ಬದುಕಿದ್ದಾಗ ಕಾಯಿಲೆ ಪತ್ತೆಯಾಗಿದ್ದು ಅವುಗಳಲ್ಲಿ ಐದರಲ್ಲೊಂದು ಪಾಲು ಮಾತ್ರ. 1986ರ ಈ ವರದಿ ಓದಿದಾಗ ನನಗೆ ಹೊಟ್ಟೆ ತೊಳಸಿದಂತಾಯಿತು. ‘ಕುಡಿದಿದ್ದಾನೆ’ ಎಂಬ ಒಂದೇ ಮಾತಿನಲ್ಲಿ ಅಲ್ಲೂ ಎಷ್ಟು ಜನರನ್ನು ಮನೆಗೆ ಕಳಿಸಿದ್ದರೋ! 1991ರ ಜನವರಿಯಿಂದ ಆ ದೇಶ ಬ್ರೆಡ್ ಮಾಡುವ ಹಿಟ್ಟಿಗೆ ಕಿಲೊಗೆ ಕನಿಷ್ಠ 6.4 ಮಿಲಿಗ್ರಾಂ ಬಿ-1 ಸೇರಿಸುವುದನ್ನು ಕಡ್ಡಾಯ ಮಾಡಿತು. ಒಂದು ಕಿಲೊ ಬಿ-1 ಅಂಥ ಹಿಟ್ಟಿನ 150 ಟನ್ನಿಗೆ ಸಾಲುತ್ತದೆ. ಮೊದಲು ಮರಣೋತ್ತರ ಪರೀಕ್ಷೆಗಳಲ್ಲಿ ಶೇ. 2ಕ್ಕಿಂತ ಮೇಲಿದ್ದ ಈ ಕಾಯಿಲೆಯ ಗುರುತು, 1998ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ. 1.1ಕ್ಕೆ ಇಳಿದಿತ್ತು.

ಮದ್ಯಕ್ಕೆ ಬೆರೆಸಿ ಎಂದು ನಾನು ಕೇಳುವುದಿಲ್ಲ. ನಾಳೆ ಬಾಟಲಿಯ ಮೇಲೆ ‘ವಿಟಮಿನ್ ಇದೆ’ ಎಂದು ಬರೆದು ಮಾರುತ್ತಾರೆ. ನಾನು ಕೇಳುವುದು ಅಕ್ಕಿಯಲ್ಲಿ. ಕುಚ್ಚಲಕ್ಕಿಯಲ್ಲಿ ಬಿ-1 ಉಳಿಯುತ್ತದೆ, ಏಕೆಂದರೆ ಭತ್ತ ಬೇಯಿಸುವಾಗ ತೌಡಿನ ಸತ್ವ ಕಾಳಿನೊಳಗೆ ಇಳಿಯುತ್ತದೆ. ಬೆಳ್ಳಗೆ ಪಾಲಿಶ್ ಮಾಡಿದ ಪಡಿತರದ ಅಕ್ಕಿಯಲ್ಲಿ ತೌಡಿನ ಜೊತೆ ಅದೂ ಹೋಗುತ್ತದೆ. ಆ ಅಕ್ಕಿಗೆ ಸಾರವರ್ಧಿತ ಕಾಳು ಬೆರೆಸುವ ವ್ಯವಸ್ಥೆ ಈಗಾಗಲೇ ಆಗಿದೆ. ಆ ಕಾಳಿನಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಕಡ್ಡಾಯ. ಬಿ-1 ಐಚ್ಛಿಕ ಪಟ್ಟಿಯಲ್ಲಿದೆ. ಯಂತ್ರ ಇದೆ, ಗಿರಣಿ ಇದೆ, ಲಾರಿ ಓಡುತ್ತಿದೆ. ಅದೇ ಕಾಳಿಗೆ ಇನ್ನೊಂದು ಸತ್ವ ಸೇರಬೇಕು, ಅಷ್ಟೆ.

‘ಕುಡುಕರಿಗೆ ಸವಲತ್ತು ಕೊಟ್ಟರೆ ಇನ್ನಷ್ಟು ಕುಡಿಯುತ್ತಾರೆ’ ಎನ್ನುವವರಿದ್ದಾರೆ. ನಮ್ಮ ಬೀದಿಯಲ್ಲೇ ಈ ಮಾತು ಕೇಳಿದ್ದೇನೆ. ಅಕ್ಕಿಯಲ್ಲಿ ಬಿ-1 ಇದೆಯೆಂದು ಮದ್ಯದ ಪ್ಯಾಕೆಟ್ ಬಿಚ್ಚುವವನನ್ನು ನಾನು ಕಂಡಿಲ್ಲ. ಅದೂ ಅಲ್ಲದೆ, ಈ ಕಾಯಿಲೆ ಕುಡಿಯುವವರಿಗಷ್ಟೇ ಬರುವುದಲ್ಲ: 1881ರಲ್ಲಿ ಕಾರ್ಲ್ ವರ್ನಿಕೆ ಮೊದಲು ವರ್ಣಿಸಿದ ಮೂವರು ರೋಗಿಗಳಲ್ಲಿ ಒಬ್ಬಳು ಆಸಿಡ್ ನುಂಗಿ ಆಹಾರ ಸೇರದೆ ವಾಂತಿಯಲ್ಲಿ ಬಳಲಿದ ಹೆಣ್ಣುಮಗಳು. ಬಸಿರಿನ ವಾಂತಿ ನಿಲ್ಲದ ತಾಯಂದಿರಿಗೂ ಈ ಕಾಯಿಲೆ ಬರುತ್ತದೆ. ಅಕ್ಕಿ ಅವರ ಮನೆಗೂ ಹೋಗುತ್ತದೆ.

ಸಚಿವರೇ, ಬಿ-1 ಅನ್ನು ಕಡ್ಡಾಯ ಪಟ್ಟಿಗೆ ಸೇರಿಸುವಂತೆ ಕೇಂದ್ರಕ್ಕೂ ಆಹಾರ ಸುರಕ್ಷತಾ ಪ್ರಾಧಿಕಾರಕ್ಕೂ ರಾಜ್ಯದಿಂದ ಪತ್ರ ಬರೆಯಿರಿ. ಆ ಖರ್ಚು ಅಬಕಾರಿ ಆದಾಯದಿಂದಲೇ ಹೋಗಲಿ. ಅದಕ್ಕೆ ಸಮಯ ಹಿಡಿಯುತ್ತದೆ, ಗೊತ್ತು. ಆದರೆ ಕುಡಿಯುವ ಚಟವಿದ್ದು ತೂರಾಡುತ್ತ ಬಂದ ರೋಗಿಗೆ ಗ್ಲೂಕೋಸಿಗೆ ಮೊದಲು ಬಿ-1 ಚುಚ್ಚುಮದ್ದು ಕೊಡಬೇಕು, ಅದು ಪ್ರತಿ ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲಿ ಸದಾ ಇರಬೇಕು ಎನ್ನಲು ಯಾವ ಹೊಸ ಕಾನೂನೂ ಬೇಡ. ಒಂದು ಸುತ್ತೋಲೆ ಸಾಕು. ದಯವಿಟ್ಟು ಅದನ್ನು ಈ ತಿಂಗಳೇ ಹೊರಡಿಸಿ.

ಇಂತಿ,
ಒಬ್ಬ ಅಕ್ಕ